ಸ್ಕೇಲ್ ಉದ್ದ (ತಂತಿವಾದ್ಯ)

ಸ್ಕೇಲ್ ಉದ್ದ ಎಂದರೆ ತಂತಿವಾದ್ಯದಲ್ಲಿ ಬೆರಳಿನಿಂದ ಒತ್ತದೆ ಮೀಟಿದಾಗ ಕಂಪಿಸುವ ತಂತಿಯ ಉದ್ದ. ವಿದ್ಯುತ್ ಗಿಟಾರಿನಲ್ಲಿ ಇದು ಕೊರಳಿನ ತುದಿಯ ನಟ್‌ನಿಂದ ಒಡಲಿನ ಮೇಲಿನ ಕುದುರೆಯವರೆಗಿನ ಅಂತರ. ಕುದುರೆಯನ್ನು ಪ್ರತಿ ತಂತಿಗೂ ತುಸು ಸರಿಸಿ ಹೊಂದಿಸಿರುವುದರಿಂದ, ನಟ್‌ನಿಂದ 12ನೆಯ ಫ್ರೆಟ್‌ವರೆಗೆ ಅಳೆದು ಅದನ್ನು ಇಮ್ಮಡಿಗೊಳಿಸುವುದು ವಾಡಿಕೆ.

ಬಿಗಿತ

ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ತರಬೇಕಾದರೆ, ಅದರ ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಫೆಂಡರ್ ಸ್ಟ್ರಾಟೋಕಾಸ್ಟರ್ (1954) ಗಿಟಾರಿನ ಸ್ಕೇಲ್ 25.5 ಅಂಗುಲ (648 ಮಿ.ಮೀ.), ಗಿಬ್ಸನ್ ಲೆಸ್ ಪಾಲ್ (1952) ಗಿಟಾರಿನದು 24.75 ಅಂಗುಲ (629 ಮಿ.ಮೀ.). ಈ ಮುಕ್ಕಾಲು ಅಂಗುಲದ ವ್ಯತ್ಯಾಸದಿಂದ ಮೊದಲನೆಯದರ ಬಿಗಿತ ಶೇ. 6ರಷ್ಟು ಅಧಿಕವಾಗುತ್ತದೆ. ಆದ್ದರಿಂದ ಗಿಡ್ಡ ಸ್ಕೇಲಿನಲ್ಲಿ ತಂತಿಯನ್ನು ಎಳೆದು ಸ್ವರವನ್ನು ಏರಿಸುವುದು ಸುಲಭ. ಫ್ರೆಟ್‌ಗಳೂ ತುಸು ಹತ್ತಿರವಿರುವುದರಿಂದ ಚಿಕ್ಕ ಕೈಗಳಿಗೆ ಅನುಕೂಲ.

ನಾದ

ತಂತಿ ಗಿಡ್ಡದೂ ದಪ್ಪವೂ ಆದಷ್ಟು ಅದರ ಗಡಸುತನದಿಂದ ಉಪಸ್ವರಗಳು ನಿಜಸ್ಥಾನಕ್ಕಿಂತ ಮೇಲಕ್ಕೆ ಸರಿಯುತ್ತವೆ. ಉದ್ದ ಸ್ಕೇಲಿನಲ್ಲಿ ಈ ದೋಷ ಕಡಿಮೆಯಾಗಿ ಮಂದ್ರದ ತಂತಿಗಳು ಸ್ಪಷ್ಟವಾಗಿ ನುಡಿಯುತ್ತವೆ. ಬೇಸ್ ಗಿಟಾರಿಗೆ ಸಾಮಾನ್ಯವಾಗಿ 34 ಅಂಗುಲದ ಸ್ಕೇಲ್ ಇರುವುದು ಇದರಿಂದಲೇ. ಆದರೆ ಎರಡು ಗಿಟಾರುಗಳ ನಾದಭೇದವನ್ನೆಲ್ಲ ಸ್ಕೇಲಿಗೇ ಆರೋಪಿಸಲಾಗದು. ಪಿಕಪ್‌ನ ಬಗೆ, ಅದರ ಸ್ಥಾನ ಹಾಗೂ ತಂತಿಯ ದಪ್ಪವೂ ಕಾರಣಗಳು.

ತಂಬೂರಿಯಲ್ಲಿ

ಇದೇ ನಿಯಮವನ್ನು ಬೆಳಗಾವಿ ಜಿಲ್ಲೆಯ ಗಡಿಗೆ ಸಮೀಪವಿರುವ, ತಂಬೂರಿ ತಯಾರಿಕೆಗೆ ಹೆಸರಾದ ಮಿರಜದ ವಾದ್ಯಗಳಲ್ಲಿ ಕಾಣಬಹುದು. ಪುರುಷ ಕಂಠಕ್ಕೆ ದೊಡ್ಡ ತಂಬೂರಿಯನ್ನೂ, ಸ್ತ್ರೀ ಕಂಠಕ್ಕೆ ಗಿಡ್ಡ ತಂಬೂರಿಯನ್ನೂ ಮಾಡುತ್ತಾರೆ. ದೊಡ್ಡ ತಂಬೂರಿಯ ಷಡ್ಜದ ತಂತಿಯನ್ನು ಅದರ ಪಂಚಮದವರೆಗೆ ಏರಿಸಿದರೆ ಆವೃತ್ತಿ ಒಂದೂವರೆ ಪಟ್ಟಾಗುತ್ತದೆ, ಬಿಗಿತ 2.25 ಪಟ್ಟಾಗುತ್ತದೆ. ಆಗ ತಂತಿ ಹರಿಯುವ ಸಂಭವವುಂಟು. ಗಿಡ್ಡ ತಂಬೂರಿಯನ್ನು ತೀರ ಕೆಳಗಿನ ಶ್ರುತಿಗೆ ಇಳಿಸಿದರೆ ತಂತಿ ಸಡಿಲಾಗಿ ನಾದ ನಿಲ್ಲುವುದಿಲ್ಲ.

ಆಯ್ಕೆ

ತಂತಿಯ ದಪ್ಪವನ್ನು ಬದಲಿಸಿ ಬಿಗಿತವನ್ನು ಸ್ವಲ್ಪಮಟ್ಟಿಗೆ ಸರಿದೂಗಿಸಬಹುದು. ಆದರೆ ವಾದ್ಯ ಸಿದ್ಧವಾದ ಮೇಲೆ ಸ್ಕೇಲನ್ನು ಬದಲಿಸುವುದು ಸುಲಭವಲ್ಲ. ಗಿಟಾರಿನ ಫ್ರೆಟ್‌ಗಳ ಸ್ಥಾನವೆಲ್ಲ ಆ ಅಳತೆಯಿಂದಲೇ ನಿರ್ಧಾರವಾಗಿರುತ್ತದೆ. ಆದಕಾರಣ ಗಿಟಾರನ್ನು ಕೊಳ್ಳುವ ಮುನ್ನ ಕೈಯ ಅಳತೆಯನ್ನೂ ನುಡಿಸುವ ಶ್ರುತಿಯನ್ನೂ, ತಂಬೂರಿಯನ್ನು ಕೊಳ್ಳುವ ಮುನ್ನ ಹಾಡುವವರ ಷಡ್ಜವನ್ನೂ ನಿಶ್ಚಯಿಸಿಕೊಳ್ಳುವುದು ಅಗತ್ಯ.