ಅಂಗಾಲಿನ ಕಪ್ಪು ಮಚ್ಚೆ

ನಮ್ಮ ಉಪ್ಪುಂದದ ಕಡಲ ದಂಡೆಯಲ್ಲಿ ಕೈರಂಪಣಿ ಎಳೆಯುವವರ ಕಾಲುಗಳನ್ನು ನೋಡಿದ್ದೀರಾ? ಹೊಯ್ಗೆಯ ಮೇಲೆ ಬರಿಗಾಲಿನಲ್ಲಿ ನಡೆದು ನಡೆದು ಅಂಗಾಲು ಹಲಗೆಯಂತಾಗಿರುತ್ತದೆ. ಆಣಿ, ಒಡಕು, ಚಿಪ್ಪು ತಗುಲಿದ ಗಾಯ, ಇವುಗಳ ನಡುವೆ ಒಂದು ಕಪ್ಪು ಮಚ್ಚೆ ಮೂಡಿದರೆ ಗಮನಿಸುವವರಾರು? ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೂ ಈ ಮಚ್ಚೆಯ ವಿಷಯವಾಗಿ ಓದಿ ತಿಳಿದುದನ್ನು ಸಹಪಾಠಿ ಮಿತ್ರರ ಮುಂದಿಡಬಯಸುತ್ತೇನೆ.

ಚರ್ಮದ ಹೊರಪದರದ ತಳದಲ್ಲಿ ವರ್ಣಕೋಶಗಳಿವೆ. ‘ಮೆಲನಿನ್’ ಎಂಬ ಬಣ್ಣವನ್ನು ತಯಾರಿಸಿ ನೆರೆಯ ಕೋಶಗಳಿಗೆ ಹಂಚುವುದು ಇವುಗಳ ಕೆಲಸ. ಸೂರ್ಯನ ಅತಿನೇರಳೆ ಕಿರಣಗಳಿಗೆ ಈ ಬಣ್ಣವು ಕೊಡೆ ಹಿಡಿದಂತೆ. ಸೋಜಿಗವೆಂದರೆ, ಬಿಳಿಯರಲ್ಲಿಯೂ ಕರಿಯರಲ್ಲಿಯೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಬಣ್ಣದಲ್ಲಿ ಮಾತ್ರ ವ್ಯತ್ಯಾಸ. ಇವೇ ಕೋಶಗಳು ಅಂಕೆಮೀರಿ ಬೆಳೆದರೆ ಅದು ‘ಮೆಲನೋಮಾ’ ಎಂಬ ಕ್ಯಾನ್ಸರ್. ಗ್ರೀಕ್ ಭಾಷೆಯಲ್ಲಿ ‘ಮೆಲಾಸ್’ ಎಂದರೆ ಕಪ್ಪು. ಸ್ಟೆತಾಸ್ಕೋಪನ್ನು ಕಂಡುಹಿಡಿದ ಫ್ರೆಂಚ್ ವೈದ್ಯ ಲೆನೆಕ್ 1804ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದನು.

ಬಿಳಿ ಚರ್ಮದವರೇ ಹೆಚ್ಚಾಗಿರುವ ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಬಿಸಿಲಿನ ದೆಸೆಯಿಂದ ಈ ರೋಗ ಬಹಳ. ಭಾರತದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೂ ಬಾರದು. ‘ಹಾಗಾದರೆ ನಮಗೇಕೆ ಚಿಂತೆ?’ ಎನ್ನಬಹುದು. ಮೋಸವಿರುವುದು ಇಲ್ಲಿಯೇ. ನಮ್ಮಂತಹ ಕಂದುಬಣ್ಣದವರಲ್ಲಿ ಅದು ಅನೇಕವೇಳೆ ಬಿಸಿಲು ಬೀಳದ ಅಂಗಾಲು, ಅಂಗೈ, ಉಗುರಿನ ಅಡಿಗಳಲ್ಲಿ ಹುಟ್ಟುತ್ತದೆ. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನಡಿ ಕಂಡುದು ಇದೇ ರೋಗ. ಅದು ಮೊದಲು ಕಾಲ್ಚೆಂಡಾಟದ ಗಾಯವೆಂದೇ ತೋರಿತ್ತು. 1981ರಲ್ಲಿ ಆತ ತೀರಿಕೊಂಡಾಗ ವಯಸ್ಸು ಬರೇ 36.

ಹಾಗೆಂದು ಎಲ್ಲ ಮಚ್ಚೆಗೂ ಹೆದರಬೇಕಾಗಿಲ್ಲ. ಹುಟ್ಟುಮಚ್ಚೆಗಳು ಬಹುತೇಕ ನಿರಪಾಯಕಾರಿ. ಹೊಸದಾಗಿ ಮೂಡಿ ಹರಡುವ, ಅಂಚು ಅಂಕುಡೊಂಕಾದ, ಒಂದರಲ್ಲೇ ಹಲವು ಬಣ್ಣವಿರುವ, ರಕ್ತ ಒಸರುವ ಮಚ್ಚೆ, ವಾಸಿಯಾಗದ ಹುಣ್ಣು, ಒಂದೇ ಉಗುರಿನಲ್ಲಿ ಅಗಲವಾಗುತ್ತ ಹೋಗುವ ಕಪ್ಪು ಗೆರೆ, ಇವು ಎಚ್ಚರಿಕೆಯ ಗುರುತುಗಳು. ಇಂತಹದನ್ನು ಆಣಿಯೆಂದು ಬ್ಲೇಡಿನಿಂದ ಕೆರೆಯುವುದು, ಗೇರೆಣ್ಣೆ ಹಚ್ಚಿ ಸುಡುವುದು ಸಲ್ಲದು. ವೈದ್ಯರು ಅದರ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿಯೇ ನಿರ್ಧರಿಸಬೇಕು.

ಈ ರೋಗದಲ್ಲಿ ಅಗಲಕ್ಕಿಂತ ಆಳವೇ ಮುಖ್ಯವೆಂದು ಅಮೆರಿಕದ ಬ್ರೆಸ್ಲೋ 1970ರಲ್ಲಿ ತೋರಿಸಿದನು. ಒಂದು ಮಿಲ್ಲಿಮೀಟರಿಗಿಂತ ತೆಳುವಾಗಿರುವಾಗಲೇ ಕೊಯ್ದು ತೆಗೆದರೆ ಬಹುಪಾಲು ರೋಗಿಗಳು ಗುಣಹೊಂದುತ್ತಾರೆ. ತಡವಾದರೆ ಅದು ತೊಡೆಸಂದಿನ ಗ್ರಂಥಿ, ಶ್ವಾಸಕೋಶ, ಯಕೃತ್ತು, ಮೆದುಳುಗಳಿಗೆ ಹಬ್ಬುತ್ತದೆ. ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸಿ ಹೋರಾಡಿಸುವ ಔಷಧಗಳು 2011ರಿಂದೀಚೆಗೆ ಬಂದಿವೆ; ಈ ಮಾರ್ಗ ತೋರಿದ ಆಲಿಸನ್, ಹೊಂಜೊ ಅವರಿಗೆ 2018ರ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಅವು ಬಲು ದುಬಾರಿ. ಎಲ್ಲರಿಗೂ ಫಲಿಸುವುದೂ ಇಲ್ಲ. ಬೇಗನೆ ಕಂಡುಕೊಳ್ಳುವುದೇ ಬಡವನಿಗೆ ಎಟಕುವ ಮದ್ದು.

ಇದನ್ನೆಲ್ಲ ಓದಿದ ಬಳಿಕ ರಜೆಯಲ್ಲಿ ಊರಿಗೆ ಹೋದಾಗ ಅಪ್ಪಯ್ಯನ ಕಾಲು ತೋರಿಸೆಂದೆ. “ಕಾಲಂಗೆ ಕಾಂಬುಕೆ ಎಂತ ಇತ್ತ್ ಮಗಾ?” ಎಂದು ನಕ್ಕರು. ಬಿಡದೆ ದೀಪದ ಬೆಳಕಿನಲ್ಲಿ ನೋಡಿದೆ. ಎರಡು ಆಣಿ, ಒಂದಷ್ಟು ಒಡಕು, ಮತ್ತೇನಿಲ್ಲ. ನನ್ನನ್ನು ಕಾಲೇಜಿಗೆ ಕಳುಹಿಸಿದ ಆ ಕಾಲುಗಳ ಅಡಿಯನ್ನು ಇಪ್ಪತ್ತು ವರ್ಷಗಳಲ್ಲಿ ನಾನು ನೋಡಿದ್ದು ಅದೇ ಮೊದಲು. ತಿಂಗಳಿಗೊಮ್ಮೆ ಮನೆಯ ಹಿರಿಯರ ಅಂಗಾಲನ್ನು ನೋಡಲು ಖರ್ಚಿಲ್ಲ, ಪದವಿಯೂ ಬೇಕಿಲ್ಲ. ಮಿತ್ರರೇ, ಈ ರಜೆಯಲ್ಲಿ ನೀವೂ ನೋಡಿರಿ.