ಕರ್ಜಗಿಗೆ ವೈಲ್ ಬರುವ ದಾರಿ

ಕಾರಹುಣ್ಣಿವೆಯ ಎತ್ತು-ಬಂಡಿಗಳ ಸಡಗರ ಮುಗಿಯಿತೆಂದರೆ ಹಾವೇರಿ ತಾಲ್ಲೂಕಿನ ಕರ್ಜಗಿಯಲ್ಲಿ ಜನ ಮನೆಗಿಂತ ಹೊಲದಲ್ಲೇ ಹೆಚ್ಚು ಹೊತ್ತು ಇರುತ್ತಾರೆ. ವರದೆಯ ದಂಡೆಯ ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಇಲಿಗಳಿವೆ. ಇಲಿ ಇದ್ದಲ್ಲಿ ಹಾವೂ ಇರುತ್ತದೆ. ರಾಣೆಬೆನ್ನೂರು, ಬ್ಯಾಡಗಿ ಕಡೆಯೂ ಕಥೆ ಬೇರೆಯಲ್ಲ. ಕೊಳಕುಮಂಡಲ ಕಾಲಿಗೆ ಬಾಯಿ ಹಾಕಿದರೆ ಉಳಿಸುವ ಮದ್ದು ಒಂದೇ: ಆಸ್ಪತ್ರೆಯವರು ಎಎಸ್‌ವಿ ಎನ್ನುವ, ಊರವರು ಹಾವು ಕಡಿತದ ಇಂಜೆಕ್ಷನ್ ಎನ್ನುವ ಆ ವೈಲ್. ಆರೋಗ್ಯ ಉದ್ಯಮ ಬೆಳೆದಷ್ಟೂ ಔಷಧ ಎಲ್ಲರ ಕೈಗೆಟುಕುತ್ತದೆ ಎಂಬ ನಂಬಿಕೆಯನ್ನು ಒರೆಗೆ ಹಚ್ಚಲು ಈ ವೈಲ್‌ಗಿಂತ ಒಳ್ಳೆಯ ವಸ್ತು ಸಿಗದು. ನನ್ನ ವಾದ ಇಷ್ಟೇ: ಉದ್ಯಮ ಬೆಳೆದಾಗ ಪೂರೈಕೆಯ ದಾರಿ ಲಾಭ ಇರುವ ಕಡೆ ಅಗಲವಾಗುತ್ತದೆ, ಅಗ್ಗದ ಮದ್ದಿನ ದಾರಿ ಕಿರಿದಾಗುತ್ತದೆ. ಅದನ್ನು ಸರಿಪಡಿಸುವ ಶಕ್ತಿ ಇರುವುದು ಅತಿ ದೊಡ್ಡ ಗಿರಾಕಿಗೆ, ಅಂದರೆ ಸರ್ಕಾರಕ್ಕೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತು ಆರೋಗ್ಯಕ್ಕೆ ಖರ್ಚು ಮಾಡಿದ್ದು 9.8 ಲಕ್ಷ ಕೋಟಿ ಡಾಲರ್. ಜಗತ್ತಿನ ಒಟ್ಟು ಉತ್ಪನ್ನದ ಶೇ 10.3ರಷ್ಟು. ಈ ಹಣ ಎತ್ತ ಹರಿಯುತ್ತದೆ ಎನ್ನುವುದಕ್ಕೆ ಒಂದು ನಿದರ್ಶನ ಸಾಕು. ಬೊಜ್ಜು ಇಳಿಸುವ ಇಂಜೆಕ್ಷನ್ನಿನ ಬಲದಿಂದ 2023ರ ಸೆಪ್ಟೆಂಬರಿನಲ್ಲಿ ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಯುರೋಪಿನ ಅತಿ ಹೆಚ್ಚು ಮೌಲ್ಯದ ಕಂಪನಿಯಾಯಿತು. ಮದ್ದೇನೋ ಇತ್ತು, ಅದನ್ನು ನಿರ್ಜಂತುಕವಾಗಿ ಸಿರಿಂಜಿಗೆ ತುಂಬುವ ಕಾರ್ಖಾನೆಗಳು ಸಾಲಲಿಲ್ಲ. ಅದಕ್ಕೆ ಆ ಕಂಪನಿಯ ಮೇಲೆ ಹಿಡಿತವಿರುವ ಮಾತೃಸಂಸ್ಥೆ 2024ರಲ್ಲಿ 1,650 ಕೋಟಿ ಡಾಲರ್ ಕೊಟ್ಟು ಬೇರೆಯವರಿಗೆ ಔಷಧ ತುಂಬಿಕೊಡುತ್ತಿದ್ದ ಕ್ಯಾಟಲೆಂಟ್ ಕಂಪನಿಯನ್ನೇ ಕೊಂಡಿತು. ಮೂರು ಘಟಕಗಳು ನೋವೋ ನಾರ್ಡಿಸ್ಕ್ ಪಾಲಾದವು. ಇದರಲ್ಲಿ ಅಕ್ರಮವೇನಿಲ್ಲ. ದುಡ್ಡು ಇದ್ದವರ ಕೊರತೆ ಎಷ್ಟು ಬೇಗ ನೀಗುತ್ತದೆ ಎನ್ನುವುದಷ್ಟೇ ಇಲ್ಲಿ ನೋಡಬೇಕಾದ್ದು.

ಈಗ ನಮ್ಮ ವೈಲ್‌ನ ದಾರಿ ನೋಡಿ. ದೇಶದ ಎಎಸ್‌ವಿಗೆ ಬೇಕಾದ ವಿಷದ ಬಹುಪಾಲು ಬರುವುದು ಒಂದೇ ಕಡೆಯಿಂದ: ತಮಿಳುನಾಡಿನ ಮಾಮಲ್ಲಪುರದ ಹತ್ತಿರ 1978ರಲ್ಲಿ ಶುರುವಾದ, ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘದಿಂದ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನು ಸ್ವಲ್ಪಸ್ವಲ್ಪವೇ ಕುದುರೆಗಳಿಗೆ ತಿಂಗಳುಗಟ್ಟಲೆ ಕೊಡುತ್ತಾರೆ. ಅವುಗಳ ರಕ್ತದಿಂದ ಪ್ರತಿವಿಷ ಬೇರ್ಪಡಿಸಿ, ಒಣಗಿಸಿ ಪುಡಿ ಮಾಡಿ, ಹತ್ತು ಮಿ.ಲೀ.ಗೆ ಕದಡುವಂತೆ ಗಾಜಿನ ವೈಲ್‌ಗೆ ತುಂಬುತ್ತಾರೆ. ಕದಡಿದ ಮೇಲೆ ಒಂದು ಮಿ.ಲೀ. ಅಡಗಿಸುವುದು ನಾಗರ ಅಥವಾ ಕೊಳಕುಮಂಡಲದ 0.6 ಮಿ.ಗ್ರಾಂ ವಿಷವನ್ನು, ಕಟ್ಟುಹಾವು ಅಥವಾ ಗರಗಸಮಂಡಲದ 0.45 ಮಿ.ಗ್ರಾಂ ವಿಷವನ್ನು. ಹೀಗಾಗಿ ಒಬ್ಬ ರೋಗಿಗೆ ಮೊದಲ ಸುತ್ತಿನಲ್ಲೇ ಎಂಟು-ಹತ್ತು ವೈಲ್ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿರುವಂತೆ ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ತಮಿಳುನಾಡಿನ ಹಾವಿನ ವಿಷದಿಂದ ತಯಾರಾದ ಮದ್ದು ಬೇರೆ ಸೀಮೆಯ ಹಾವಿನ ವಿಷಕ್ಕೆ ಅಷ್ಟೇ ಚೆನ್ನಾಗಿ ನಾಟುತ್ತದೆಂಬ ಖಾತ್ರಿ ಇಲ್ಲ. ಒಂದೇ ಮೂಲವನ್ನು ನೆಚ್ಚಿಕೊಂಡಿದ್ದಕ್ಕೆ ಕೊರತೆಯ ಭಯ ಒಂದು ಕಡೆ, ಗುಣದ ಪ್ರಶ್ನೆ ಇನ್ನೊಂದು ಕಡೆ.

ಬೇಡಿಕೆ ಇದ್ದರೆ ಕಂಪನಿಗಳು ತಾವಾಗಿ ಬರುತ್ತವೆ ಎನ್ನುವವರಿದ್ದಾರೆ. ಹಾವು ಕಡಿಸಿಕೊಳ್ಳುವವರಿಗೆ ಬರವಿಲ್ಲ: 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಮಂದಿ ಹಾವು ಕಡಿತದಿಂದ ಸಾಯುತ್ತಾರೆ. ಆದರೆ ಮಾರುಕಟ್ಟೆಯಲ್ಲಿ ಬೇಡಿಕೆ ಎಂದರೆ ಕಷ್ಟ ಅಲ್ಲ, ಕಷ್ಟದ ಜೊತೆಗಿರುವ ದುಡ್ಡು. ಆಫ್ರಿಕಾದ ಹಳ್ಳಿಗಳಿಗೆ ಆಧಾರವಾಗಿದ್ದ ಫಾವ್-ಆಫ್ರಿಕ್ ಎಂಬ ಪ್ರತಿವಿಷವನ್ನು ಫ್ರಾನ್ಸಿನ ಸನೋಫಿ 2014ರಲ್ಲಿ ತಯಾರಿಸುವುದನ್ನೇ ಬಿಟ್ಟಿತು. ಅಲ್ಲಿ ಹಾವು ಕಡಿಯುವುದೇನೂ ನಿಂತಿರಲಿಲ್ಲ. ಶ್ರೀಮಂತ ದೇಶಗಳೂ ಇದಕ್ಕೆ ಹೊರತಲ್ಲ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತಕ್ಕೆ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದ ಬ್ಯಾಕ್ಸ್‌ಟರ್ ಕಂಪನಿಯ ಕಾರ್ಖಾನೆಗೆ ನೀರು ನುಗ್ಗಿದಾಗ, ಆ ದೇಶದ ಆಸ್ಪತ್ರೆಗಳ ಸಲೈನಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಂದಲೇ ಬರುತ್ತಿತ್ತೆಂಬುದು ಎಲ್ಲರಿಗೂ ಗೊತ್ತಾಯಿತು. ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು. ಉಪ್ಪುನೀರಿನ ಚೀಲದಲ್ಲಿ ಲಾಭ ತೆಳ್ಳಗೆ. ತೆಳ್ಳಗಿನ ಲಾಭಕ್ಕೆ ಉಳಿಯುವವರು ಒಬ್ಬರೋ ಇಬ್ಬರೋ.

ಅದಾದ ಎರಡೇ ತಿಂಗಳಿಗೆ, ನವೆಂಬರಿನಲ್ಲಿ, ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಸಾವುಗಳು ಶುರುವಾದವು. ಐವರು ತಾಯಂದಿರು ಹೋದರು. ಸಂಶಯ ಬಿದ್ದದ್ದು ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಹೊರರಾಜ್ಯದ ಕಂಪನಿಯೊಂದರಿಂದ ಕೊಂಡಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದೂ ಉಪ್ಪುನೀರಿನ ಜಾತಿಯ ಅಗ್ಗದ ಸರಕೇ. ರಾಜ್ಯದ ಪ್ರಯೋಗಾಲಯ ಕಳಪೆ ಎಂದಿದ್ದ ಕೆಲವು ಬ್ಯಾಚುಗಳನ್ನು ಕೇಂದ್ರದ ಪ್ರಯೋಗಾಲಯ ಸರಿ ಎಂದಿತ್ತು ಎಂಬುದು ಆಮೇಲೆ ಹೊರಬಂತು. ಅಮೆರಿಕದಲ್ಲಿ ಸರಕು ಸಿಗಲಿಲ್ಲ, ಇಲ್ಲಿ ಸಿಕ್ಕ ಸರಕನ್ನು ನಂಬುವಂತಿರಲಿಲ್ಲ. ಎರಡರ ಬೇರೂ ಒಂದೇ ಎನ್ನುವುದು ನನ್ನ ಅಭಿಪ್ರಾಯ. ಅತಿ ಕಡಿಮೆ ದರ ಬರೆದವನಿಗೇ, ಟೆಂಡರ್ ಭಾಷೆಯಲ್ಲಿ ಎಲ್-1ಗೇ, ಪೂರ್ತಿ ಆರ್ಡರ್ ಕೊಡುವ ಪದ್ಧತಿಯಲ್ಲಿ ಗುಣಕ್ಕೆ ಖರ್ಚು ಮಾಡಿದವನು ಸೋಲುತ್ತಾನೆ.

ಹಾಗಾದರೆ ಸರ್ಕಾರವೇ ತಯಾರಿಸಲಿ ಎಂದರೆ, ಸರ್ಕಾರಿ ಕಾರ್ಖಾನೆಗಳ ಪಾಡು ಗೊತ್ತಿಲ್ಲವೇ ಎಂಬ ಆಕ್ಷೇಪ ಬರುತ್ತದೆ. ನ್ಯಾಯವಾದ ಆಕ್ಷೇಪವೇ. ಆದರೆ ನಮ್ಮ ಸೀಮೆಯ ಇತಿಹಾಸ ಇನ್ನೊಂದು ಮುಖವನ್ನೂ ತೋರಿಸುತ್ತದೆ. ಕರ್ಜಗಿ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು, ಅದರ ಹೆಸರಿನದೇ ತಾಲ್ಲೂಕೂ ಇತ್ತು. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗ್ ಬಡಿದಾಗ ಮುಂಬಯಿಯ ಸರ್ಕಾರಿ ಪ್ರಯೋಗಾಲಯದಲ್ಲಿ ಹಾಫ್‌ಕಿನ್ ತಯಾರಿಸಿದ ಲಸಿಕೆಯನ್ನು ಊರಿನ ಸಾವಿರಾರು ಮಂದಿಗೆ ಚುಚ್ಚಿದರು. ಲಾಭದ ಲೆಕ್ಕವಿಲ್ಲದ ಪೂರೈಕೆ ಅಷ್ಟು ಹಿಂದೆಯೇ ಇಲ್ಲಿಗೆ ಮುಟ್ಟಿತ್ತು. 1902ರಲ್ಲಿ ಅದೇ ಲಸಿಕೆಯಿಂದ ಪಂಜಾಬಿನ ಮುಲ್ಕೋವಾಲದಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು ಎಂಬುದನ್ನೂ ಮರೆಮಾಚಬೇಕಿಲ್ಲ. ಅಲ್ಲಿ ಸತ್ತವರೆಲ್ಲ ಒಂದೇ ಬಾಟಲಿಯ ಲಸಿಕೆ ಪಡೆದವರು ಎಂದು ಗುರುತಿಸಲು ಸಾಧ್ಯವಾಯಿತು. ಹಾಫ್‌ಕಿನ್ ಮೇಲಿನ ಆರೋಪ ಕೊನೆಗೆ ಕಳಚಿತು. ಕಾರ್ಖಾನೆ ಯಾರದ್ದೆಂಬುದಕ್ಕಿಂತ, ಪ್ರತಿ ಬ್ಯಾಚನ್ನೂ ಬಳಸುವ ಮೊದಲೇ ಪರೀಕ್ಷಿಸುವುದೂ ಎಲ್ಲಿಗೆ ಹೋಯಿತೆಂದು ಬೆನ್ನುಹತ್ತಲು ಬರುವುದೂ ಮುಖ್ಯ. ಆರ್ಡರನ್ನು ಎರಡು-ಮೂರು ತಯಾರಕರಿಗೆ ಹಂಚಿ, ಕೆಲವು ವರ್ಷ ಕೊಳ್ಳುವ ಮಾತು ಕೊಟ್ಟರೆ ದರ ಸ್ವಲ್ಪ ಏರೀತು. ಏರಲಿ. ಆ ದುಡ್ಡು ರೋಗಿಯ ಜೇಬಿನದ್ದಲ್ಲ.

ಕುದುರೆಯೇ ಬೇಡದ ಮದ್ದು ಬರುತ್ತಿದೆಯಲ್ಲ ಎನ್ನಬಹುದು. 2024ರಲ್ಲಿ ಸುನಗರ್ ಅವರೂ ಅಮೆರಿಕದ ವಿಜ್ಞಾನಿಗಳೂ ಸೇರಿ ನಾಗರ-ಕಟ್ಟುಹಾವುಗಳ ಒಂದು ಬಗೆಯ ನರವಿಷವನ್ನು ತಡೆಯುವ ಕೃತಕ ಪ್ರತಿಕಾಯವನ್ನು ಇಲಿಗಳ ಮೇಲೆ ಪ್ರಯೋಗಿಸಿ ತೋರಿಸಿದ್ದಾರೆ. ಸಂತೋಷದ ಸುದ್ದಿ. ನಾಳೆ ಅದನ್ನೂ ಯಾರೋ ನಿರ್ಜಂತುಕವಾಗಿ ತುಂಬಬೇಕು, ಯಾರೋ ಕೊಳ್ಳಬೇಕು.

ಕೊಳ್ಳಲು ಲೆಕ್ಕ ಬೇಕು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2023ರಲ್ಲಿ ಸುಮಾರು 6,600 ಇದ್ದ ದಾಖಲೆ ಮರುವರ್ಷ 13,000 ದಾಟಿತು. ಹಾವುಗಳು ಒಂದೇ ವರ್ಷದಲ್ಲಿ ಇಮ್ಮಡಿ ಆಗಲಿಲ್ಲ, ಬರೆದುಕೊಳ್ಳುವವರು ಹೆಚ್ಚಿದರು. ಹೋದ ವರ್ಷ ಖರ್ಚಾದಷ್ಟನ್ನೇ ನೋಡಿ ಈ ವರ್ಷದ ಇಂಡೆಂಟ್ ಬರೆಯುವ ಕಡೆ, ವೈಲ್ ಇಲ್ಲದೆ ಹಾವೇರಿಗೋ ಹುಬ್ಬಳ್ಳಿಗೋ ಕಳಿಸಿದ ರೋಗಿ ಲೆಕ್ಕಕ್ಕೇ ಬರುವುದಿಲ್ಲ. ಮುಂದಿನ ವರ್ಷವೂ ಆ ಕಪಾಟು ಖಾಲಿ. ಇಂಡೆಂಟಿನಲ್ಲಿ ಇರಬೇಕಾದ ಇನ್ನೊಂದು ಸಣ್ಣ ವಸ್ತು ಗಾಜಿನ ಟೆಸ್ಟ್ ಟ್ಯೂಬ್. ಎರಡು ಮಿ.ಲೀ. ರಕ್ತವನ್ನು ಒಣಗಿದ ಗಾಜಿನ ಟ್ಯೂಬಿನಲ್ಲಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು, ಓರೆ ಮಾಡಿದಾಗ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿದೆ ಎಂದರ್ಥ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಈ ಪರೀಕ್ಷೆ ನಡೆಯದು.

ಸಣ್ಣ ಆಸ್ಪತ್ರೆಯಲ್ಲಿ ವೈಲ್ ಇಟ್ಟರೆ ಅವಧಿ ಮೀರಿ ಹಾಳಾಗುತ್ತದೆ, ಒಗ್ಗದೆ ಮೈ ಕೆಟ್ಟರೆ ಅಲ್ಲಿನ ವೈದ್ಯರೊಬ್ಬರೇ ಏನು ಮಾಡಿಯಾರು, ಎಲ್ಲವನ್ನೂ ಜಿಲ್ಲಾಸ್ಪತ್ರೆಯಲ್ಲೇ ಇಡಿ ಎಂಬುದು ಕೊನೆಯ ಆಕ್ಷೇಪ. ಒಗ್ಗದಿದ್ದರೆ ಕೊಡಬೇಕಾದ ಅಡ್ರಿನಲಿನ್ ಅಗ್ಗದ ಮದ್ದು; ಅದನ್ನು ಕೊಡುವ ತರಬೇತಿಯೂ ದೊಡ್ಡ ಸಂಗತಿಯಲ್ಲ. ಅವಧಿಯ ಸಮಸ್ಯೆಗೂ ದಾರಿ ಇದೆ: ಪುಡಿರೂಪದ ವೈಲ್ ವರ್ಷಗಟ್ಟಲೆ ಇರುತ್ತದೆ, ಮುಗಿಯಲು ಆರು ತಿಂಗಳು ಇರುವಾಗ ಅದನ್ನು ರೋಗಿಗಳು ಹೆಚ್ಚಿರುವ ಹಾವೇರಿಯ ಜಿಲ್ಲಾಸ್ಪತ್ರೆಗೆ ಸಾಗಿಸಿ ಅಲ್ಲಿಂದ ಹೊಸದನ್ನು ಹಳ್ಳಿಗೆ ತಂದಿಟ್ಟರಾಯಿತು. ಹೊಸ ಕಾರ್ಖಾನೆ ಬೇಡ, ಹೊಸ ಕಾನೂನೂ ಬೇಡ. ತಾಲ್ಲೂಕಿನ ಔಷಧ ಉಗ್ರಾಣದಲ್ಲಿ ಒಂದು ರಿಜಿಸ್ಟರು, ತಿಂಗಳಿಗೊಮ್ಮೆ ಓಡಾಡುವ ಒಂದು ಜೀಪು, ಇಷ್ಟನ್ನು ಮುಂದಿನ ಬಿತ್ತನೆಯ ಒಳಗೆ ಏರ್ಪಡಿಸಬಹುದು.