ಪೀಸಾದ ವಾಲುಗೋಪುರ ಬೀಳದೆ ಉಳಿದ ಬಗೆ

ಇಟಲಿಯ ಪುರಾತನ ನಗರಗಳನ್ನು ನೋಡಹೊರಟ ಪ್ರವಾಸಿಗಳು ರೋಮ್, ಫ್ಲಾರೆನ್ಸ್, ವೆನಿಸ್‌ಗಳಲ್ಲಿ ದಿನಗಟ್ಟಲೆ ತಂಗುತ್ತಾರೆ. ಪೀಸಾ ನಗರಕ್ಕೆ ಮಾತ್ರ ಅರ್ಧ ದಿನವನ್ನು ಕೊಟ್ಟು, ವಾಲುಗೋಪುರವನ್ನು ಅಂಗೈಯಿಂದ ತಡೆದು ನಿಲ್ಲಿಸಿರುವಂತೆ ಛಾಯಾಚಿತ್ರ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಗೋಪುರದ ತುದಿಯಿಂದ ಬುಡದ ಕಡೆಗೆ ಕಣ್ಣನ್ನು ಇಳಿಸುವವರು ವಿರಳ. ಆದರೆ ಅದರ ಕಥೆಯ ಮುಖ್ಯಭಾಗವೆಲ್ಲ ಇರುವುದು ಬುಡದ ಮಣ್ಣಿನಲ್ಲಿ.

ಇದು ಪೀಸಾದ ಪ್ರಧಾನ ಇಗರ್ಜಿಗೆ ಸೇರಿದ ಗಂಟೆಗೋಪುರ. ಎತ್ತರ ಸುಮಾರು ೫೬ ಮೀಟರು. ತೂಕ ಸುಮಾರು ೧೪,೫೦೦ ಟನ್ನು. ಇಷ್ಟು ಭಾರವನ್ನು ಹೊತ್ತಿರುವ ತಳಪಾಯದ ಆಳವಾದರೋ ೩ ಮೀಟರು ಮಾತ್ರ. ವ್ಯಾಸ ೨೦ ಮೀಟರಿಗೂ ತುಸು ಕಡಿಮೆ. ಅದರ ಅಡಿಯಲ್ಲಿ ನದಿಯೂ ಸಮುದ್ರವೂ ತಂದು ಹರಡಿದ ಮರಳು ಮತ್ತು ಹೂಳು. ಸುಮಾರು ಹತ್ತು ಮೀಟರಿನ ಕೆಳಗೆ ನೀರುಂಡ ಮೆತ್ತನೆಯ ಜೇಡಿಮಣ್ಣು. ಪೀಸಾದಲ್ಲಿ ವಾಲಿರುವುದು ಇದೊಂದೇ ಅಲ್ಲ. ಸಂತ ನಿಕೋಲಾಸನ ಇಗರ್ಜಿಯ ಗೋಪುರವೂ ವಾಲಿದೆ. ಆ ನೆಲದ ಗುಣವೇ ಹಾಗೆ.

ಲಂಬವಾಗಿ ನಿಂತ ವಸ್ತುವಿನ ಗುರುತ್ವಕೇಂದ್ರದಿಂದ ಎಳೆದ ಲಂಬರೇಖೆ ಅದರ ಪಾದದೊಳಗೆ ಬೀಳುವವರೆಗೂ ವಸ್ತು ಉರುಳುವುದಿಲ್ಲವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಉದಾಹರಣೆಗೆ ಈ ಗೋಪುರದ ಚಿತ್ರವನ್ನೇ ಕೊಡುತ್ತವೆ. ಲೆಕ್ಕ ತಪ್ಪಲ್ಲ. ಗೋಪುರ ಅತಿಯಾಗಿ ವಾಲಿದ್ದಾಗಲೂ ಆ ರೇಖೆ ಪಾದದ ನಡುವಿನಿಂದ ಸುಮಾರು ೨.೩ ಮೀಟರು ಮಾತ್ರ ಸರಿದಿತ್ತು. ಪಾದದ ಅಂಚು ಇನ್ನೂ ಏಳು ಮೀಟರಿಗೂ ಹೆಚ್ಚು ದೂರದಲ್ಲಿತ್ತು. ಹಾಗಿದ್ದರೆ ಭಯವೇಕೆ? ಪುಸ್ತಕದ ನಿಯಮ ನೆಲವನ್ನು ಕಲ್ಲಿನಂತೆ ಗಟ್ಟಿಯೆಂದು ಭಾವಿಸುತ್ತದೆ. ಹತ್ತಿಯ ಹಾಸಿಗೆಯ ಮೇಲೆ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ನೋಡಿರಿ. ಎಷ್ಟೇ ನೇರವಾಗಿ ಇಟ್ಟರೂ ಒಂದು ಎತ್ತರವನ್ನು ಮುಟ್ಟಿದೊಡನೆ ಕಂಬ ಒಂದು ಕಡೆಗೆ ಬಾಗತೊಡಗುತ್ತದೆ. ಬಾಗಿದ ಕಡೆ ಭಾರ ಹೆಚ್ಚುತ್ತದೆ, ಹಾಸಿಗೆ ಇನ್ನಷ್ಟು ತಗ್ಗುತ್ತದೆ, ಕಂಬ ಇನ್ನಷ್ಟು ಬಾಗುತ್ತದೆ. ಪೀಸಾದ ಗೋಪುರಕ್ಕೆ ಒದಗಿದ್ದುದು ಇದೇ ಸಂಕಟ.

ಕೆಲಸ ಆರಂಭವಾದದ್ದು ೧೧೭೩ರಲ್ಲಿ. ಐದು ವರ್ಷಗಳಲ್ಲಿ, ನಾಲ್ಕನೆಯ ಅಂತಸ್ತಿಗೆ ಕೈಹಚ್ಚುವಷ್ಟರಲ್ಲಿ, ನಿಂತುಹೋಯಿತು. ಮತ್ತೆ ಮೊದಲಾದದ್ದು ೧೨೭೨ರಲ್ಲಿ. ೧೨೭೮ರ ಹೊತ್ತಿಗೆ ಏಳನೆಯ ಅಂತಸ್ತು ಮುಗಿದು ಎರಡನೆಯ ಬಾರಿ ನಿಂತಿತು. ಗಂಟೆಗಳ ಅಂಕಣ ಪೂರ್ತಿಯಾದದ್ದು ೧೩೭೦ರ ಸುಮಾರಿಗೆ. ಎರಡು ಶತಮಾನಗಳ ಈ ಸಾವಕಾಶವೇ ಗೋಪುರದ ಪುಣ್ಯ! ಜೇಡಿಯ ಮೇಲೆ ಭಾರ ಹೇರಿದರೆ ಅದರೊಳಗಿನ ನೀರು ಬಹು ನಿಧಾನವಾಗಿ ಹಿಂಡಿಹೋಗುತ್ತದೆ, ಜೇಡಿ ಗಟ್ಟಿಯಾಗುತ್ತದೆ. ಒಂದೇ ಉಸಿರಿನಲ್ಲಿ ಕಟ್ಟಿ ಮುಗಿಸಿದ್ದರೆ ಮಣ್ಣು ಕುಸಿದು ಗೋಪುರ ಅಂದೇ ನೆಲಕ್ಕೊರಗುತ್ತಿತ್ತೆಂದು ಇಂದಿನ ಎಂಜಿನಿಯರುಗಳ ಲೆಕ್ಕ ತೋರಿಸುತ್ತದೆ. ವಾಲಿಕೆಯನ್ನು ಕಂಡ ಶಿಲ್ಪಿಗಳು ಮೇಲಿನ ಅಂತಸ್ತುಗಳನ್ನು ವಿರುದ್ಧ ದಿಕ್ಕಿಗೆ ತಿರುಗಿಸುತ್ತ ಹೋದರು. ಆದುದರಿಂದಲೇ ಗೋಪುರ ಓರೆಯಾಗಿರುವುದು ಮಾತ್ರವಲ್ಲ, ಬಾಳೆಯ ಹಣ್ಣಿನಂತೆ ತುಸು ಬಾಗಿಯೂ ಇದೆ. ಇನ್ನು ಅದನ್ನು ಪೂರ್ತಿ ನೆಟ್ಟಗೆ ನಿಲ್ಲಿಸುವುದು ಯಾರಿಂದಲೂ ಸಾಧ್ಯವಿಲ್ಲ.

ಮುಂದಿನವರು ಮಾಡಿದ ಉಪಚಾರಗಳು ರೋಗಕ್ಕಿಂತ ಕೇಡಾದುವು. ೧೮೩೮ರಲ್ಲಿ ಮಣ್ಣಿನಲ್ಲಿ ಹೂತ ಕಂಬಗಳ ಬುಡ ಕಾಣಲೆಂದು ಸುತ್ತಲೂ ಅಗೆದರು. ನೀರು ಉಕ್ಕಿಬಂತು, ಗೋಪುರ ಮತ್ತಷ್ಟು ವಾಲಿತು. ೧೯೩೪ರಲ್ಲಿ ತಳಪಾಯದಲ್ಲಿ ೩೬೧ ರಂಧ್ರಗಳನ್ನು ಕೊರೆದು ಸಿಮೆಂಟಿನ ಗಾರೆಯನ್ನು ತುಂಬಿದರು, ಪುನಃ ವಾಲಿತು. ೧೯೮೯ರಲ್ಲಿ ಪಾವಿಯಾ ನಗರದ ಹಳೆಯ ಗೋಪುರವೊಂದು ಹಠಾತ್ತನೆ ಕುಸಿದು ನಾಲ್ವರು ಸತ್ತರು. ಇಟಲಿಯವರು ಎಚ್ಚೆತ್ತು, ೧೯೯೦ರ ಜನವರಿಯಲ್ಲಿ ಪೀಸಾದ ಗೋಪುರವನ್ನು ಮುಚ್ಚಿದರು. ಆಗ ತಳಪಾಯದ ಓರೆ ಸುಮಾರು ೫.೫ ಡಿಗ್ರಿ.

ತಜ್ಞರ ಸಮಿತಿ ೧೯೯೩ರಲ್ಲಿ ಉತ್ತರದ ಬದಿಗೆ ಸುಮಾರು ೬೦೦ ಟನ್ನು ಸೀಸದ ಗಟ್ಟಿಗಳನ್ನು ಹೇರಿ ದಕ್ಷಿಣದ ವಾಲಿಕೆಯನ್ನು ತಡೆಯಿತು. ೧೯೯೫ರ ಸೆಪ್ಟೆಂಬರಿನಲ್ಲಿ ನೆಲವನ್ನು ಹೆಪ್ಪುಗಟ್ಟಿಸಿ ಇನ್ನೊಂದು ಕೆಲಸಕ್ಕೆ ತೊಡಗಿದಾಗ, ವರ್ಷವೊಂದರಲ್ಲಿ ವಾಲುವಷ್ಟನ್ನು ಗೋಪುರ ಒಂದೇ ರಾತ್ರಿಯಲ್ಲಿ ವಾಲಿತು! ಇನ್ನೂ ೩೦೦ ಟನ್ನು ಸೀಸವನ್ನು ಅವಸರದಿಂದ ಹೇರಿ ಉಳಿಸಿಕೊಂಡರು.

ಕಡೆಗೆ ಕೈಹಿಡಿದದ್ದು ೧೯೬೨ರಲ್ಲಿ ಟೆರಾಚಿನಾ ಎಂಬ ಇಟಲಿಯ ಎಂಜಿನಿಯರು ಸೂಚಿಸಿದ್ದ ಸರಳೋಪಾಯ. ತಗ್ಗಿದ ಕಡೆಯನ್ನು ಮುಟ್ಟಲೇಬಾರದು. ಎತ್ತರವಾಗಿರುವ ಉತ್ತರದ ಬದಿಯ ಅಡಿಯಿಂದ ಮಣ್ಣನ್ನು ತೆಗೆಯಬೇಕು. ೧೯೯೯ರಿಂದ ೨೦೦೧ರವರೆಗೆ ಓರೆಯಾಗಿ ಇಳಿಸಿದ ಕೊಳವೆಗಳ ಮೂಲಕ ದಿನಕ್ಕೆ ಇಷ್ಟಿಷ್ಟೇ ಎಂದು ಅಳೆದು ಸುಮಾರು ೩೮ ಘನಮೀಟರು ಮಣ್ಣನ್ನು ಹೊರತೆಗೆದರು. ಟೊಳ್ಳಾದೆಡೆಗೆ ಉತ್ತರದ ಅಂಚು ಮೆಲ್ಲನೆ ಇಳಿಯಿತು. ಓರೆ ಅರ್ಧ ಡಿಗ್ರಿ ತಗ್ಗಿತು. ಶಿಖರ ೪೦ ಸೆಂಟಿಮೀಟರಿಗೂ ಹೆಚ್ಚು ಹಿಂದಕ್ಕೆ ಬಂತು. ನೋಡುವವರ ಕಣ್ಣಿಗೆ ಈ ವ್ಯತ್ಯಾಸ ತಿಳಿಯದು. ಗೋಪುರವಾದರೋ ೧೮೩೮ಕ್ಕಿಂತ ಹಿಂದಿನ ಸ್ಥಿತಿಗೆ ಮರಳಿತ್ತು. ೨೦೦೧ರ ಡಿಸೆಂಬರಿನಲ್ಲಿ ಸಾರ್ವಜನಿಕರು ಮತ್ತೆ ಮೆಟ್ಟಿಲು ಹತ್ತಿದರು.

ಇಂತಹ ಚಿಕಿತ್ಸೆಗೆ ಕಾದಿರುವ ಇನ್ನೊಂದು ಗೋಪುರ ಬೊಲೋನ್ಯಾ ನಗರದ ೪೮ ಮೀಟರಿನ ಗಾರಿಸೆಂದಾ. ಹದಿನಾಲ್ಕನೆಯ ಶತಮಾನದಲ್ಲಿಯೇ ವಾಲಿಕೆಗೆ ಹೆದರಿ ಅದರ ತುದಿಯನ್ನು ಕಿತ್ತಿದ್ದರು. ಅಲ್ಲಿ ಸವೆದಿರುವುದು ಬುಡಕ್ಕೆ ಹೊದಿಸಿದ ಜಿಪ್ಸಮ್ ಜಾತಿಯ ಕಲ್ಲು. ೨೦೨೩ರಲ್ಲಿ ಸುತ್ತಲಿನ ಜಾಗವನ್ನು ಮುಚ್ಚಿದರು. ಪೀಸಾದಲ್ಲಿ ಬಳಸಿದ ಆಧಾರಸಲಕರಣೆಗಳನ್ನೇ ಅಲ್ಲಿಗೆ ತಂದು ಉಪಯೋಗಿಸುವ ಯೋಜನೆಯನ್ನು ೨೦೨೪ರಲ್ಲಿ ಪ್ರಕಟಿಸಿದರು.